ಉದಗೀರದ ಸೂಪರ್ ಕಂಡಕ್ಟರ್ ಬಾಯಿ

ಕೆಲವರು ತಮ್ಮ ಕೆಲಸದ ಹೆಸರು ಹೇಳಿದರೆ ಸಾಕು, ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ವಕೀಲರು, ಡಾಕ್ಟರು, ತಲಾಠಿ, ಅಡತಿ ಅಂಗಡಿಯವರು, ಯಾರಿಗೂ ಎರಡನೇ ಪ್ರಶ್ನೆ ಇಲ್ಲ. ನಾನು ನನ್ನ ಕೆಲಸದ ಹೆಸರು ಹೇಳಿದೆನೋ, ಅಲ್ಲಿಂದಲೇ ಏನಾದರೊಂದು ಶುರುವಾಗುತ್ತದೆ.

ನಾನು ಭಾಲ್ಕಿ ಕಡೆಯವಳು. ಮದುವೆಯಾಗಿ ಗಡಿಯಾಚೆ, ಮಹಾರಾಷ್ಟ್ರದ ಉದಗೀರಕ್ಕೆ ಬಂದೆ. ಇಲ್ಲಿ ಮೇಡಮ್ಮುಗಳಿಗೆ ಬಾಯಿ ಅನ್ನುತ್ತಾರೆ. ಇಲ್ಲಿಯ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತೇನೆ, ರಜೆ ಸಿಕ್ಕಾಗಲೆಲ್ಲ ಹೈದರಾಬಾದಿಗೆ ಓಡಿ ಪಿಎಚ್‌ಡಿ ಕೆಲಸ ಮಾಡುತ್ತೇನೆ. ವಿಷಯ ಏನೆಂದರೆ, ಕಾಗೊಮೆ ಅನ್ನುವ ಜಾಲರಿಯ ಹೆಣಿಗೆ ಇರುವ ಲೋಹಗಳಲ್ಲಿ ಸೂಪರ್ ಕಂಡಕ್ಟಿವಿಟಿ. ಸಾದಾ ತಂತಿಯಲ್ಲಿ ಕರೆಂಟು ಹರಿಯುವಾಗ ಅಷ್ಟಿಷ್ಟು ತಡೆ ಇದ್ದೇ ಇರುತ್ತದೆ, ತಂತಿ ಬಿಸಿಯಾಗುತ್ತದೆ, ಕರೆಂಟು ಪೋಲಾಗುತ್ತದೆ. ಕೆಲವು ಲೋಹಗಳನ್ನು ವಿಪರೀತ ತಣ್ಣಗೆ ಮಾಡಿದರೆ ಆ ತಡೆ ಪೂರ್ತಿ ಮಾಯವಾಗುತ್ತದೆ. ಅದೇ ಸೂಪರ್ ಕಂಡಕ್ಟರ್. ಇಷ್ಟೇ ಸಂಗತಿ. ಈ ಇಷ್ಟನ್ನು ಉಮರ್ಗಾ, ನಿಲಂಗಾ, ಉದಗೀರ ಮೂರೂ ಊರುಗಳಲ್ಲಿ ಒಬ್ಬರಿಗಾದರೂ ಪೂರ್ತಿ ಹೇಳಿ ಮುಗಿಸಲು ನನಗೆ ಇವತ್ತಿನವರೆಗೆ ಆಗಿಲ್ಲ.

ಕಂಡಕ್ಟರನ ಸೀಟು

ಮದುವೆಯಾದ ಹೊಸತು. ಅತ್ತೆಯ ತವರು ನಿಲಂಗಾ ಹತ್ತಿರದ ಒಂದು ಹಳ್ಳಿ. ಅಲ್ಲಿ ಅವರ ತಮ್ಮನ ಮಗಳ ಕುಬಸ, ಅಂದರೆ ಸೀಮಂತ, ಇತ್ತು. ಅತ್ತೆ, ನಾನು ಇಬ್ಬರೇ ಉದಗೀರ ಸ್ಟ್ಯಾಂಡಿನಲ್ಲಿ ಸರ್ಕಾರಿ ಎಸ್ಟಿ ಬಸ್ಸು ಹತ್ತಿದೆವು. ಒಳಗೆ ಕಾಲಿಡಲು ಜಾಗವಿಲ್ಲ. ಒಂದೇ ಒಂದು ಸೀಟು ಖಾಲಿ ಇತ್ತು, ಬಾಗಿಲ ಪಕ್ಕದ ಕಂಡಕ್ಟರನ ಸೀಟು. ಅತ್ತೆ ನನ್ನ ರಟ್ಟೆ ಹಿಡಿದು ನೇರ ಅಲ್ಲಿಗೆ ಕರೆದೊಯ್ದು ಕೂಡಿಸಿದರು. ತಾವೂ ಪಕ್ಕದಲ್ಲಿ ಒತ್ತರಿಸಿಕೊಂಡು ಕೂತರು.

ಕಂಡಕ್ಟರ ಬಂದ. ದೇವಣಿ ಕಡೆಯವನಂತೆ, ಕನ್ನಡ ಚೆನ್ನಾಗಿ ಬರುತ್ತಿತ್ತು.

"ಅಮ್ಮಾರ, ಇದು ಕಂಡಕ್ಟರ್ ಸೀಟ್ ಅದ್ರಿ. ಏಳ್ರಿ."

"ಗೊತ್ತದ ತಮ್ಮಾ. ಗೊತ್ತಿದ್ದೇ ಕೂಡಿಸೀನಿ" ಅಂದರು ಅತ್ತೆ. "ನನ್ನ ಸೊಸಿ ಸೂಪರ್ ಕಂಡಕ್ಟರ್ ಅದಾಳ. ಹೈದ್ರಾಬಾದಿನಾಗ ಕಲ್ತಾಳ."

ಆ ಮನುಷ್ಯ ಕೂಡಲೇ ನೆಟ್ಟಗಾಗಿ ನಿಂತ. ಆಮೇಲೆ ಖಾಕಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಆಮೇಲೆ ಇಡೀ ಬಸ್ಸಿನ ಟಿಕೀಟು ಮತ್ತೊಮ್ಮೆ ನೋಡಲು ಶುರು ಮಾಡಿದ. ಮಲಗಿದ್ದವರನ್ನು ಎಬ್ಬಿಸಿ ನೋಡಿದ. ಕಿಟಕಿಯಿಂದ ಉಗುಳುತ್ತಿದ್ದ ಒಬ್ಬರಿಗೆ ಸ್ವಚ್ಛತೆಯ ಬಗ್ಗೆ ಬುದ್ಧಿ ಹೇಳಿದ. ಹಳ್ಳಿಗೆ ದಾರಿ ತಿರುಗುವ ಒಂದು ಫಾಟಾ ಹತ್ತಿರ ಮುದುಕಿಯೊಬ್ಬಳು ತೊಗರಿ ಹೊಲದ ನಡುವಿನಿಂದ ಕೈಬೀಸುತ್ತಾ ಬರುತ್ತಿದ್ದಳು. ಅವಳು ರಸ್ತೆಗೆ ಬಂದು ಮುಟ್ಟುವ ತನಕ ಗಾಡಿ ನಿಲ್ಲಿಸಿ, ಕೆಳಗಿಳಿದು, ಅವಳ ಗಂಟನ್ನು ತಾನೇ ಹೊತ್ತು ತಂದ. ಡ್ರೈವರು ಕನ್ನಡಿಯಲ್ಲಿ ಇವನನ್ನೇ ನೋಡುತ್ತಿದ್ದ, ಜ್ವರ ಗಿರ ಬಂದಿದೆಯೋ ಅನ್ನುವ ಹಾಗೆ.

ನನಗೆ ಸಂಕಟ. "ಅಣ್ಣಾರ, ನಾ ತಪಾಸಣಿಯವಳಲ್ರಿ" ಅಂದೆ.

"ಇರ್ಲಿ ಬಿಡ್ರಿ ಮ್ಯಾಡಮ್. ತಪಾಸಣಿಯವರು ಎಲ್ಲಾರೂ ಮೊದಲ ಹಿಂಗೇ ಅಂತಾರ್ರಿ."

ನಿಲಂಗಾ ಬಂತು. ಇಳಿಯುವಾಗ ಅವನೇ ನಮ್ಮ ಚೀಲ ಇಳಿಸಿಕೊಟ್ಟು, ಮೆಲ್ಲಗೆ ಕೇಳಿದ: "ಸೂಪರ್ ಕಂಡಕ್ಟರ್ ಅಂದ್ರ ಕಂಟ್ರೋಲರ್‌ಕಿಂತ ಮ್ಯಾಲೇನ್ರಿ, ಕೆಳಗೇನ್ರಿ?"

ಇನ್ನು ಸುಮ್ಮನಿದ್ದರೆ ಪಾಪ ಅನಿಸಿ ಬಿಡಿಸಿ ಹೇಳಿದೆ. "ಅದು ಮನಷ್ಯಾ ಅಲ್ರಿ, ಒಂದು ನಮೂನಿ ಲೋಹ. ಮೈನಸ್ ಇನ್ನೂರಾ ಎಪ್ಪತ್ತು ಡಿಗ್ರಿ ಥಂಡ್ಯಾಗ ಅಷ್ಟೇ ಕೆಲಸಾ ಮಾಡ್ತದ."

ಅವನು ಹಣೆಯ ಬೆವರು ಒರೆಸಿಕೊಂಡು, ಬಿಸಿಲಿಗೆ ಕಾದ ತನ್ನ ತಗಡಿನ ಬಸ್ಸನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟ.

"ಅಂದ್ರ ಬರೇ ಎಸಿ ಗಾಡಿ ಡ್ಯೂಟೀನೇ ಅನ್ರಿ. ನಸೀಬ್ ಬೇಕ್ರಿ ಮ್ಯಾಡಮ್, ನಸೀಬ್."

ಬುಟ್ಟಿ

ಕಾಗೊಮೆ ಅನ್ನುವುದು ಜಪಾನಿ ಮಾತು. ಬುಟ್ಟಿಯ ಕಣ್ಣು ಅಂತ ಅರ್ಥ. ಬಿದಿರಿನ ಪಟ್ಟಿಗಳನ್ನು ಮೂರು ದಿಕ್ಕಿನಿಂದ ಹಾಯಿಸಿ ಹೆಣೆದರೆ ನಡುವೆ ಆರು ಮೂಲೆಯ ದೊಡ್ಡ ಕಣ್ಣು, ಅದರ ಸುತ್ತ ಸಣ್ಣ ಸಣ್ಣ ತ್ರಿಕೋನಗಳು ಬರುತ್ತವಲ್ಲ, ಆ ಹೆಣಿಗೆ. ನಮ್ಮ ಲೋಹದ ಒಳಗೆ ಪಟ್ಟಿಗೆ ಪಟ್ಟಿ ಕೂಡುವ ಜಾಗದಲ್ಲಿ ಒಂದೊಂದು ಪರಮಾಣು ಕೂತಿರುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ಬರೆದು ನನಗೆ ಸಾಕಾಗಿತ್ತು. ಹುಡುಗರು ಅದನ್ನು ರಂಗೋಲಿ ಅಂದುಕೊಂಡು ಸುಮ್ಮನೆ ನೋಡುತ್ತಿದ್ದರು.

ಒಂದು ಸಂಜೆ ಉದಗೀರದ ಬಜಾರಿನಲ್ಲಿ ಬಿದಿರು ಸಾಮಾನು ಮಾರುವಲ್ಲಿ ಒಂದು ದೊಡ್ಡ ಬುಟ್ಟಿ ಬೋರಲು ಬಿದ್ದಿತ್ತು. ಅದೇ ಹೆಣಿಗೆ! ಪುಸ್ತಕದಿಂದ ಎದ್ದು ಬಂದ ಹಾಗೆ! ಖುಷಿಯಲ್ಲಿ ಹಿಂದೆಮುಂದೆ ನೋಡದೆ ಕೊಂಡು, ಕೈಗೆ ತೂಗುಹಾಕಿಕೊಂಡು, ಇಡೀ ಗಲ್ಲಿಯುದ್ದಕ್ಕೂ ನಡೆದು ಮನೆಗೆ ಬಂದೆ. ದಾರಿಯಲ್ಲಿ ನಾಲ್ಕು ಬಾಗಿಲಲ್ಲಿ ನಾಲ್ಕು ಹೆಂಗಸರು ಮಾತು ನಿಲ್ಲಿಸಿ ನನ್ನನ್ನು ನೋಡಿದರು. ಬುಟ್ಟಿಯ ಅಂದಕ್ಕೆ ನೋಡುತ್ತಿದ್ದಾರೆ ಅಂದುಕೊಂಡೆ.

ಅದು ಕೋಳಿ ಮುಚ್ಚುವ ಬುಟ್ಟಿ ಅಂತ ನನಗೆ ಗೊತ್ತಿರಲಿಲ್ಲ. ಗಲ್ಲಿಯವರಿಗೆಲ್ಲ ಗೊತ್ತಿತ್ತು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ತತ್ತಿ ಅನ್ನುವ ಮಾತು ಕಿವಿಗೆ ಬಿದ್ದರೂ ಅತ್ತೆ ಕಿವಿ ತೊಳೆದುಕೊಳ್ಳುವವರು.

ದೀಪ ಹಚ್ಚುವ ಹೊತ್ತಿಗೆ ಪೂಜೆಗೆಂದು ಮನೆಗೆ ಬರುವ ಅಯ್ಯನವರು ಬಂದೇಬಿಟ್ಟರು. ಕರೆಯದೆ ಬಂದಿದ್ದರು. ಅತ್ತೆ ಕಂಬಕ್ಕೆ ಒರಗಿ ನಿಂತಿದ್ದರು, ಮುಖ ಬಾಡಿತ್ತು.

"ತಂಗೀ, ಅಯ್ಯನೋರ ಮುಂದ ಖರೇ ಹೇಳು. ಎಷ್ಟು ತಂದೀ?"

"ಏನು ಅತ್ತೀ?"

"ಕೋಳಿ!"

ನನಗೆ ಅಳು, ನಗು ಎರಡೂ ಬಂತು. ಬುಟ್ಟಿ ತಂದು ಪಡಸಾಲೆಯಲ್ಲಿ ಬೋರಲು ಹಾಕಿದೆ. ಅಡುಗೆಮನೆಯಿಂದ ಹುರಿದ ಶೇಂಗಾ ತಂದೆ. ಪಟ್ಟಿಗಳು ಕೂಡುವ ಜಾಗದಲ್ಲಿ ಒಂದೊಂದು ಶೇಂಗಾಬೀಜ ಇಟ್ಟು, ಇದು ಪರಮಾಣು, ಇದು ಪರಮಾಣು, ಇದರ ನಡುವೆ ಕರೆಂಟು ಹೀಗೆ ತಡೆಯಿಲ್ಲದೆ ಓಡುತ್ತದೆ ಅಂತ ಶುರು ಮಾಡಿದೆ. ಅಯ್ಯನವರು ಬಹಳ ಗಮನವಿಟ್ಟು ಕೇಳಿದರು. ಕೇಳುತ್ತಾ ಒಂದೊಂದೇ ಪರಮಾಣು ಎತ್ತಿ ಬಾಯಿಗೆ ಹಾಕಿಕೊಂಡರು. ನನ್ನ ಪಾಠ ಮುಗಿಯುವ ಹೊತ್ತಿಗೆ ಜಾಲರಿ ಪೂರ್ತಿ ಖಾಲಿ.

ಆಮೇಲೆ ಬುಟ್ಟಿ ಎತ್ತಿ ಒಳಗೆ ಇಣುಕಿದರು. ಮೂಸಿದರು. ಕೆಳಗಿಟ್ಟು ಅತ್ತೆಯ ಕಡೆ ತಿರುಗಿ ತೀರ್ಪು ಕೊಟ್ಟರು.

"ಅವ್ವಾರ, ಸೊಸೀದು ಏನೂ ತಪ್ಪಿಲ್ರಿ. ಒಳಗ ಕೋಳಿ ಇಲ್ಲ. ಆದ್ರ ಕರೆಂಟ್ ಅದ ಅಂತಾಳ. ನೀವು ಕೈ ಹಚ್ಚಬ್ಯಾಡ್ರಿ."

ಯಾವ ತಳಿ?

ನಿಲಂಗಾದ ಒಂದು ಶಾಲೆಯವರು ಮಕ್ಕಳಿಗೆ ಏನಾದರೂ ಪ್ರಯೋಗ ತೋರಿಸಿ ಅಂತ ಕರೆದರು. ನನ್ನ ಕಾಗೊಮೆ ಲೋಹವನ್ನು ತೋರಿಸುವಂತಿಲ್ಲ, ಅದಕ್ಕೆ ಬೇಕಾದಷ್ಟು ಥಂಡಿ ನಿಲಂಗಾದಲ್ಲಿ ಯಾರ ಹತ್ತಿರವೂ ಇಲ್ಲ. ಆದರೆ ಇನ್ನೊಂದು ಜಾತಿಯ ಸೂಪರ್ ಕಂಡಕ್ಟರ್ ಇದೆ. ಕಪ್ಪು ಬಿಲ್ಲೆ, ನೋಡಲು ಕ್ಯಾರಂ ಆಟದ ಕಾಯಿಯ ಹಾಗೆ. ಅದಕ್ಕೆ ದ್ರವ ಸಾರಜನಕದ ಥಂಡಿ ಸಾಕು. ತಣ್ಣಗಾದ ಬಿಲ್ಲೆಯ ಮೇಲೆ ಅಯಸ್ಕಾಂತದ ಚೂರು ಇಟ್ಟರೆ ಅದು ಗಾಳಿಯಲ್ಲಿ ತೇಲುತ್ತದೆ. ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ.

ದ್ರವ ಸಾರಜನಕ ನಮ್ಮ ಕಡೆ ಎಲ್ಲಿ ಸಿಗುತ್ತದೆ? ದನದ ದವಾಖಾನೆಯಲ್ಲಿ. ಹೋರಿ, ಕೋಣಗಳ ವೀರ್ಯವನ್ನು ಕೆಡದ ಹಾಗೆ ಇಡುವುದು ಅದರಲ್ಲೇ. ಅಲ್ಲಿಯ ಡಾಕ್ಟರು ಒಳ್ಳೆಯವರು. ಒಂದು ಸಣ್ಣ ಕ್ಯಾನಿನಲ್ಲಿ ತುಂಬಿ ಕೊಟ್ಟು, ತಾವು ಮೋಟರ್‌ಸೈಕಲ್ ಹತ್ತಿ ಹಳ್ಳಿಯ ಕಡೆ ಹೋದರು. ಶಾಲೆ ಹತ್ತಿರವೇ ಇತ್ತು. ನಾನು ಕ್ಯಾನು ಹಿಡಿದು ನಡೆಯುತ್ತಾ ಹೊರಟೆ.

ಗೇಟು ದಾಟುವುದರೊಳಗೆ ಒಬ್ಬ ರೈತ ಎದುರಾದ. ತಲೆಗೆ ಬಿಳಿ ಟೊಪ್ಪಿಗೆ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಎಮ್ಮೆ. ಕ್ಯಾನು ನೋಡಿದ ಕೂಡಲೇ ಅವನ ಮುಖ ಅರಳಿತು.

"ಡಾಕ್ಟರ್ ಬಾಯಿ, ದೇವ್ರು ಬಂದಂಗ ಬಂದ್ರಿ ನೋಡ್ರಿ! ಮುಂಜಾನಿಂದ ಒಂದೇ ಸವನ ಒದರ್ಲತ್ತಾಳ. ಬೆದಿಗಿ ಬಂದಾಳ. ಹೋದ ಸಲ ಹೊತ್ತು ಮೀರಿ ಹೋಯ್ತು. ಈ ಸಲಾನೂ ಮೀರಿದ್ರ ನನ್ನ ಹೆಣ್ತಿ ನನಗ ಮನಿ ಒಳಗ ತಗೊಳ್ಳೂದಿಲ್ರಿ."

"ಅಯ್ಯ, ನಾ ದನದ ಡಾಕ್ಟರ್ ಅಲ್ರಿ ಕಾಕಾ. ಇದು ಫಿಜಿಕ್ಸ್ ಅದ."

ಅವನು ಕ್ಯಾನಿನ ಕಡೆ ನೋಡಿದ. ಯೋಚಿಸಿದ.

"ಫಿಜಿಕ್ಸ್? ಇದು ಯಾವ ತಳಿ ಬಂತ್ರಿ ಹೊಸಾದು? ಮುರ್ರಾಕಿಂತ ಹಾಲು ಜಾಸ್ತಿ ಏನ್ರಿ?"

ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಮುಂದೆ, ಎಮ್ಮೆ ನನ್ನ ಹಿಂದೆ, ಅವನು ಎಮ್ಮೆಯ ಹಿಂದೆ. ಹಾಗೆಯೇ ಶಾಲೆಗೆ ಹೋದೆವು. ಹೆಡ್ ಮಾಸ್ತರರು ಹೂಮಾಲೆ ಹಿಡಿದು ಗೇಟಿನಲ್ಲಿ ನಿಂತಿದ್ದರು, ಯಾರಿಗೆ ಮೊದಲು ಹಾಕುವುದು ಅನ್ನುವ ಹಾಗೆ ನೋಡಿದರು.

ಬೇವಿನ ಗಿಡದ ಕೆಳಗೆ ಪ್ರಯೋಗ ಶುರುವಾಯಿತು. ಸಾರಜನಕ ಸುರಿದೆ, ಬಿಳಿ ಹೊಗೆ ಎದ್ದಿತು. ಬಿಲ್ಲೆ ತಣ್ಣಗಾಯಿತು. ಅಯಸ್ಕಾಂತ ಇಟ್ಟೆ, ತೇಲಿತು. ಮಕ್ಕಳೆಲ್ಲ ಉಸಿರು ಬಿಗಿಹಿಡಿದರು. ಆ ಮೌನದಲ್ಲಿ ಎಮ್ಮೆ ಒಂದು ಸಲ ಇಡೀ ಶಾಲೆ ಅದುರುವ ಹಾಗೆ ಒದರಿತು.

"ಬಾಯಿ, ಅದನ್ನ ಆಮ್ಯಾಲ ತೇಲಸ್ರಿ! ಮೊದಲ ಈಕಿಗಿ ನೋಡ್ರಿ!" ಅಂದ ಅವನು ಹಿಂದಿನಿಂದ. ಧ್ವನಿಯಲ್ಲಿ ಅಳುವೇ ಇತ್ತು.

ಹೆಡ್ ಮಾಸ್ತರರಿಗೆ ಮರುಕ ಬಂತು. ಡಾಕ್ಟರಿಗೆ ಫೋನ್ ಮಾಡಿದರು. ಅವರು ಅರ್ಧ ದಾರಿಯಿಂದ ತಿರುಗಿ ಬಂದರು. ಶಾಲೆಯ ಕಾಂಪೌಂಡಿನ ಮೂಲೆಯಲ್ಲಿ ಎಮ್ಮೆ ನಿಲ್ಲಿಸಿ, ತಮ್ಮ ಕ್ಯಾನು ತೆಗೆದು, ಮೊಣಕೈ ತನಕ ಕೈಗವಸು ಹಾಕಿಕೊಂಡರು. ಇತ್ತ ನನ್ನ ಅಯಸ್ಕಾಂತ ಗಾಳಿಯಲ್ಲಿ ಗಿರಗಿರ ತಿರುಗುತ್ತಿತ್ತು. ಅದನ್ನು ನೋಡುತ್ತಿದ್ದವಳು ನಾನೊಬ್ಬಳೇ. ಇಡೀ ಶಾಲೆ ನನಗೆ ಬೆನ್ನು ತಿರುಗಿಸಿ ಕೂತಿತ್ತು.

ಹೆಡ್ ಮಾಸ್ತರರು ವಂದನಾರ್ಪಣೆಯಲ್ಲಿ, "ಇವತ್ತು ಮಕ್ಕಳಿಗೆ ದ್ರವ ಸಾರಜನಕದ ಎರಡು ಉಪಯೋಗ ತಿಳಿಯಿತು" ಅಂದರು. ಎರಡನೆಯದಕ್ಕೆ ಚಪ್ಪಾಳೆ ಜೋರಾಗಿತ್ತು.

ಮರುವರ್ಷ ನಮ್ಮ ಕಾಲೇಜಿನ ಬಾಗಿಲಿಗೆ ಒಬ್ಬ ರೈತ ಗಿಣ್ಣದ ಹಾಲು ತುಂಬಿದ ಡಬ್ಬಿ ಹಿಡಿದು ಬಂದ. ಅದೇ ಬಿಳಿ ಟೊಪ್ಪಿಗೆ.

"ಹೆಣ್ಣಗರು ಆಗ್ಯಾದ್ರಿ ಬಾಯಿ! ಮನ್ಯಾಗ ಎಲ್ಲಾರೂ ಕೂಡಿ ಫಿಜಿಕ್ಸ್ ಅಂತ ಹೆಸರಿಟ್ಟೀವಿ."

ಉಮರ್ಗಾದ ಪ್ರಶ್ನೆ

ಉಮರ್ಗಾದಲ್ಲಿ ಊರಿನ ಜನರಿಗೇ ಒಂದು ಉಪನ್ಯಾಸ ಇಟ್ಟಿದ್ದರು. ವೇದಿಕೆಯ ಮೇಲೆ ನಾನು, ಅಧ್ಯಕ್ಷರು ಮತ್ತು ವಿಜ್ಞಾನದ ವಿಷಯ ಅಂತ ಕರೆಸಿದ್ದ ವಿದ್ಯುತ್ ಕಚೇರಿಯ ಎಂಜಿನಿಯರು. ಎಂಜಿನಿಯರು ಶಾಲು ಹೊದ್ದು ಪ್ರಸನ್ನರಾಗಿ ಕೂತಿದ್ದರು. ನಾನು ಮಾತು ಶುರು ಮಾಡಿದ ಸ್ವಲ್ಪ ಹೊತ್ತಿಗೇ ಕರೆಂಟು ಹೋಯಿತು. ಫ್ಯಾನು ನಿಂತಿತು, ಮೈಕು ಸತ್ತಿತು. ಎಂಜಿನಿಯರ ಪ್ರಸನ್ನತೆ ಸ್ವಲ್ಪ ಕಡಿಮೆಯಾಯಿತು. ಸಭೆ ಪೂರ್ತಿ ಅವರನ್ನೇ ನೋಡುತ್ತಿತ್ತು.

ನಾನು ಗಂಟಲು ಎತ್ತರಿಸಿ ಮುಂದುವರಿಸಿದೆ. ಇಂಥ ಲೋಹದ ಬಳೆ ಮಾಡಿ ಅದರಲ್ಲಿ ಒಮ್ಮೆ ಕರೆಂಟು ಹರಿಸಿ ಬಿಟ್ಟರೆ, ಥಂಡಿ ಇರುವ ತನಕ ಅದು ಸುತ್ತುತ್ತಲೇ ಇರುತ್ತದೆ. ಹೊರಗಿನಿಂದ ಮತ್ತೆ ಕರೆಂಟು ಕೊಡಬೇಕಾಗಿಲ್ಲ. ವರ್ಷಗಟ್ಟಲೆ ಸುತ್ತಬಹುದು. ಇದನ್ನು ಹೇಳಿದಾಗ ಸಭೆಯಲ್ಲಿ ಒಂದು ಸಂಚಲನವಾಯಿತು. ನನಗೆ ಭಾಷಣ ಮಾಡಿ ಇಂಥ ಸುಖ ಎಂದೂ ಸಿಕ್ಕಿರಲಿಲ್ಲ.

"ಪ್ರಶ್ನೆ ಇದ್ದರೆ ಕೇಳಿ" ಅಂದೆ.

ಮೂರನೇ ಸಾಲಿನಲ್ಲಿ ಧೋತರ ಉಟ್ಟ ಹಿರಿಯರೊಬ್ಬರು ಎದ್ದರು. ಈ ಕಡೆ ಕಂಬದ ತಂತಿಗೆ ಕಳ್ಳತನದಲ್ಲಿ ಕೊಕ್ಕೆ ಹಾಕಿ ಕರೆಂಟು ಎಳೆಯುವುದಕ್ಕೆ ಆಕಡಾ ಹಾಕುವುದು ಅನ್ನುತ್ತಾರೆ.

"ಬಾಯಿ, ಒಂದು ಸಣ್ಣ ಶಂಕಾ ಅದ್ರಿ. ಸಮಜಾ, ಹಿಂಗ ತಿಳೀರಿ, ನಮ್ಮ ಮನಿ ವೈರಿಂಗ್ ಎಲ್ಲಾ ಈ ಲೋಹದ್ದೇ ಮಾಡಿಸ್ತೀವಿ. ಒಂದೇ ಒಂದು ದಿನ ಆಕಡಾ ಹಾಕಿ, ಕರೆಂಟ್ ಒಳಗ ತಗೊಂಡು, ಆಕಡಾ ತೆಗದು ಮಡಚಿ ಇಡ್ತೀವಿ. ಆಮ್ಯಾಲ ಯಾರರೆ ಬಂದು ನೋಡಿದ್ರ ಕಂಬದ ಮ್ಯಾಲ ಏನೂ ಇಲ್ಲ. ಮನ್ಯಾಗ ಕರೆಂಟ್ ಸುತ್ತಲಕತ್ತದ. ಬರೋಬರ್ ಏನ್ರಿ?"

ಬಲ್ಬು ಉರಿಸಿದರೆ ಕರೆಂಟು ಖರ್ಚಾಗಿ ಹೋಗುತ್ತದೆ ಅಂತ ನಾನು ಹೇಳಲು ಬಾಯಿ ತೆರೆದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಆ ಲೋಹ ಲಾತೂರಿನಲ್ಲಿ ಸಿಗುತ್ತದೋ ಸೋಲಾಪುರಕ್ಕೇ ಹೋಗಬೇಕೋ ಅಂತ ಹಿಂದಿನ ಸಾಲುಗಳಲ್ಲಿ ಆಗಲೇ ಚರ್ಚೆ ನಡೆದಿತ್ತು. ಒಬ್ಬರು ತಮ್ಮ ಬೋರ್‌ವೆಲ್ ಮೋಟರಿಗೂ ಆಗುತ್ತದೋ ಅಂತ ಕೂಗಿ ಕೇಳಿದರು.

ಕೊನೆಗೆ ಎಂಜಿನಿಯರ ಸರದಿ ಬಂತು. ಶಾಲಿನ ತುದಿಯಿಂದ ಮುಖ ಒರೆಸಿಕೊಂಡು ಎದ್ದು, ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.

"ಮ್ಯಾಡಮ್ ಅವರ ಸಂಶೋಧನೆ ಖಂಡಿತ ಯಶಸ್ವಿಯಾಗಲಿ. ಆದರೆ ನನ್ನ ವರ್ಗಾವಣೆ ಆಗುವ ತನಕ ಸ್ವಲ್ಪ ತಡೀರಿ."

ಜಗಲಿ

ಇದು ಚಿಕ್ಕದು. ಹೈದರಾಬಾದಿನಲ್ಲಿ ತಯಾರಿಸಿದ ಒಂದು ಕಾಗೊಮೆ ಹರಳನ್ನು ಮುಂಬಯಿಯ ಪ್ರಯೋಗಾಲಯಕ್ಕೆ ಮುಟ್ಟಿಸಬೇಕಿತ್ತು. ಉಗುರಿನಷ್ಟು ಅಗಲ, ಬೆಳ್ಳಿಯ ತಗಡಿನ ಹಾಗೆ ಫಳಫಳ. ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟು ತಂದಿದ್ದೆ. ನಡುವೆ ಒಂದು ದಿನ ಉದಗೀರದಲ್ಲಿ ತಂಗಿದೆ. ಅಂದು ಸೋಮವಾರ. ಸೊಸೆ ದೇವರಿಗೆ ಬೆಳ್ಳಿ ತಂದಿದ್ದಾಳೆ, ಬಾಯಿಬಿಟ್ಟು ಹೇಳಲು ನಾಚಿಕೆ ಅಂದುಕೊಂಡ ಅತ್ತೆ, ಅದನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ, ಪತ್ರಿ ಏರಿಸಿ ಪೂಜೆ ಮುಗಿಸಿದ್ದರು. ನಾನು ಹೊರಡುವ ಗಡಿಬಿಡಿಯಲ್ಲಿ ಕಂಡು, ಉಫ್ ಉಫ್ ಅಂತ ಊದಿ, ಒರೆಸಿ, ಡಬ್ಬಿಗೆ ಹಾಕಿಕೊಂಡು ಸ್ಟೇಷನ್ನಿಗೆ ಓಡಿದೆ. ಯಾರಿಗೂ ಹೇಳಲಿಲ್ಲ.

ಕೆಲವು ದಿನಗಳ ಮೇಲೆ ನನ್ನ ಗೈಡ್ ಫೋನ್ ಮಾಡಿದರು. ರಾಯಚೂರಿನವರು, ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಕೈ ಹಿಟ್ಟಾಗಿತ್ತು, ಸ್ಪೀಕರ್ ಹಾಕಿದೆ. ಪಕ್ಕದಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ಮುಂಬೈದಿಂದ ರಿಪೋರ್ಟ್ ಬಂದದವಾ. ಹರಳಿನ ಮ್ಯಾಲ ಕ್ಯಾಲ್ಸಿಯಂ ಅದ ಅಂತಾರ. ನಾವು ಕ್ಯಾಲ್ಸಿಯಂ ಹಾಕೇ ಇಲ್ಲಲಾ! ನಿಮ್ಮ ಮನ್ಯಾಗ ಇಟ್ಟಾಗ ಸುಣ್ಣ, ವಿಭೂತಿ, ಏನರೆ ಬಿದ್ದಿತ್ತೇನು? ಬಿದ್ದಿದ್ರ ಎಷ್ಟು ಅಂತ ಅಂದಾಜು ಹೇಳು."

ನಾನು ಕೈ ಒರೆಸಿಕೊಳ್ಳುವುದರೊಳಗೆ ಅತ್ತೆ ರೊಟ್ಟಿ ಬಿಟ್ಟು ಫೋನಿನ ಕಡೆ ಬಾಗಿದರು.

"ಮೂರೇ ಬೆರಳು ಎಳದೀನ್ರಿ ಸಾಹೇಬರ, ಜಾಸ್ತಿ ಹಚ್ಚಿಲ್ಲ!"

ಮಾಕಣಿಯಲ್ಲಿ ಹತ್ತನೇ ದಿನ

ಗೈಡ್ ಜೊತೆ ಫೋನಿನಲ್ಲಿ ಮಾತಾಡುವಾಗ ನನ್ನ ಬಾಯಲ್ಲಿ ಎರಡು ಮಾತಿಗೊಮ್ಮೆ ಕಾಗೊಮೆ ಬರುತ್ತಿತ್ತು. ಅತ್ತೆಯ ಕಿವಿಗೆ ಅದು "ಕಾಗಿ ಮನಿ" ಅಂತ ಕೇಳಿಸುತ್ತಿತ್ತಂತೆ. ಸೊಸೆ ಕಾಗೆಗಳ ಮನೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ ಅಂತ ಅವರು ತಿಳಿದಿದ್ದರು. ಅದರಲ್ಲಿ ಅವರಿಗೆ ವಿಚಿತ್ರ ಅನಿಸಿರಲಿಲ್ಲ, ಕಲಿತವರು ಏನೇನೋ ಕಲಿಯುತ್ತಾರೆ. ಅಕ್ಕಪಕ್ಕದ ಮರಾಠಿ ಮನೆಯವರು ಕೇಳಿದಾಗ ಅದನ್ನೇ ಮರಾಠಿಗೆ ತಿರುಗಿಸಿ "ಕಾವಳ್ಯಾಚಂ ಘರ" ಅಂತ ಹೇಳಿದ್ದರು. ಹೀಗೆ ಗಲ್ಲಿಯಲ್ಲಿ ನಾನು ಕಾಗೆ ಪಂಡಿತೆ ಆಗಿದ್ದೆ. ನನಗೆ ಮಾತ್ರ ಗೊತ್ತಿರಲಿಲ್ಲ.

ಎದುರಿನ ಮರಾಠಿ ಮನೆಯ ಕಾಕಾ ತೀರಿಕೊಂಡರು. ತುಂಬು ಬಾಳು ಬಾಳಿದವರು. ಅವರ ಊರು ಮಾಕಣಿ, ಅಲ್ಲಿ ಅಣೆಕಟ್ಟಿನ ನೀರಿನ ದಂಡೆಯಲ್ಲಿ ಹತ್ತನೇ ದಿನದ ಕಾರ್ಯ ಇಟ್ಟಿದ್ದರು. ನಮ್ಮಲ್ಲಿ ಆ ಪದ್ಧತಿ ಇಲ್ಲ, ಆದರೂ ನೆರೆಯವರು, ಬಹಳ ವರ್ಷಗಳ ಬಳಕೆ. ಅತ್ತೆ, ನಾನು ಜೀಪಿನಲ್ಲಿ ಹೋದೆವು.

ಅವರಲ್ಲಿ ಹತ್ತನೇ ದಿನ ಪಿಂಡ ಇಟ್ಟು ಕಾಗೆಗೆ ಕಾಯುತ್ತಾರೆ. ಕಾಗೆ ಬಂದು ಮುಟ್ಟಿದರೆ ಹೋದ ಜೀವಕ್ಕೆ ಸಮಾಧಾನವಾಯಿತು ಅಂತ ಲೆಕ್ಕ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಅಂತ. ಆಗ ಮನೆಯವರು ಒಬ್ಬೊಬ್ಬರೇ ಮುಂದೆ ಬಂದು, ನಿಮ್ಮ ಆಸೆ ನಾವು ಪೂರೈಸುತ್ತೇವೆ ಅಂತ ಮಾತು ಕೊಡುತ್ತಾರೆ.

ಪಿಂಡ ಇಟ್ಟಾಯಿತು. ಪಕ್ಕದಲ್ಲಿ ಕಾಕಾಗೆ ಇಷ್ಟವಾದ ಈರುಳ್ಳಿಯ ಕಾಂದಾ ಭಜಿ, ಒಂದು ಲೋಟ ಚಹಾ. ಜಾಲಿ ಗಿಡದ ಮೇಲೆ ಕಾಗೆಗಳು ಕೂತಿದ್ದವು. ನೋಡುತ್ತಿದ್ದವು. ಕೆಳಗೆ ಬರಲಿಲ್ಲ.

ದೊಡ್ಡ ಮಗ ಕೈಮುಗಿದ. "ಬಾಬಾ, ಆಈಲಾ ಆಮ್ಹೀ ಸಾಂಭಾಳತೋ", ತಾಯಿಯನ್ನು ನಾವು ನೋಡಿಕೊಳ್ಳುತ್ತೇವೆ ಅಂದ. ಕಾಗೆ ಬರಲಿಲ್ಲ. ಸಣ್ಣ ಮಗ ಹೊಲ ಪಾಲು ಮಾಡುವುದಿಲ್ಲ ಅಂದ. ಬರಲಿಲ್ಲ. ಅಳಿಯ ಮುಂದೆ ಬಂದು ಕುಡಿಯುವುದು ಬಿಡುತ್ತೇನೆ ಅಂದ. ಒಂದು ಕಾಗೆ ಅವನನ್ನು ನೋಡಿ ಮುಖ ಆ ಕಡೆ ತಿರುಗಿಸಿತು.

ಬಿಸಿಲು ಏರಿತು. ಹೆಂಗಸರು ಸೆರಗು ತಲೆಯ ಮೇಲೆ ಎಳೆದುಕೊಂಡರು. ಪೂಜೆ ಮಾಡಿಸುವ ಗುರುಜಿ, ದರ್ಭೆಯಿಂದ ಕಾಗೆ ಮಾಡಿ ಮುಟ್ಟಿಸೋಣ, ಶಾಸ್ತ್ರದಲ್ಲಿ ಅದಕ್ಕೂ ಒಪ್ಪಿಗೆ ಇದೆ ಅಂದರು. ಆದರೆ ಕಾಕಾನ ಹೆಂಡತಿ, ನಮ್ಮೆಲ್ಲರ ಕಾಕೂ, ಕೇಳಲಿಲ್ಲ.

"ಹುಲ್ಲಿನ ಕಾಗೆ ಬೇಡ. ಅವರು ನನ್ನ ಮೇಲೆ ಸಿಟ್ಟಾಗಿದ್ದಾರೆ" ಅಂತ ಮರಾಠಿಯಲ್ಲಿ ಹೇಳಿ ಅಳತೊಡಗಿದರು. "ಸಕ್ಕರೆ ಕಾಯಿಲೆ ಅಂತ ಕೊನೆಯ ದಿನವೂ ಸಪ್ಪೆ ಚಹಾ ಕೊಟ್ಟೆ. ಮುಖ ತಿರುಗಿಸಿಕೊಂಡು ಮಲಗಿದರು. ಹಾಗೇ ಹೋದರು. ನಿಜವಾದ ಕಾಗೆ ಬರುವ ತನಕ ನಾನು ಇಲ್ಲಿಂದ ಏಳುವುದಿಲ್ಲ."

ಆಗ ಅತ್ತೆ ಎದ್ದು ನಿಂತರು.

"ನೀವ್ಯಾಕ ಚಿಂತಿ ಮಾಡ್ತೀರಿ? ನನ್ನ ಸೊಸಿ ಇಲ್ಲೇ ಅದಾಳಲ್ಲ!"

ಇಡೀ ದಂಡೆಯ ಜನ ನನ್ನ ಕಡೆ ತಿರುಗಿದರು. ನಾನು ಹಿಂದೆ ಯಾರಾದರೂ ಇದ್ದಾರೋ ಅಂತ ನೋಡಿದೆ. ಬರೀ ನೀರಿತ್ತು.

"ಕಾವಳ್ಯಾವರ ಪಿಎಚ್‌ಡಿ ಕರತೇ!" ಕಾಗೆಯ ಮೇಲೆ ಪಿಎಚ್‌ಡಿ ಮಾಡುತ್ತಾಳೆ ಅಂತ ಗುಂಪಿನಲ್ಲಿ ಒಬ್ಬರು ಇನ್ನೊಬ್ಬರಿಗೆ ತಿಳಿಸಿದರು. ಗುರುಜಿ ಸರಿದು ನನಗೆ ದಾರಿ ಬಿಟ್ಟರು.

"ಅತ್ತೀ, ನಂದು ಕಾಗಿ ಅಲ್ರಿ! ಅದು ಲೋಹ!" ಅಂತ ಹಲ್ಲು ಕಚ್ಚಿ ಪಿಸುಗುಟ್ಟಿದೆ.

"ಲೋಹದ್ದೋ ಜೀವದ್ದೋ, ಕಾಗಿ ಕಾಗೀನೇ ಅಲ್ಲೇನವಾ. ಹೋಗು. ಆ ಮುದುಕಿ ಮುಂಜಾನಿಂದ ಬಾಯಿಗಿ ಹನಿ ನೀರು ಹಾಕಿಲ್ಲ."

ಕಾಕೂ ನನ್ನನ್ನೇ ನೋಡುತ್ತಿದ್ದರು. ಆ ಕಣ್ಣು ನೋಡಿದ ಮೇಲೆ ಅಲ್ಲಿ ನಿಂತು ಪರಮಾಣು ಜಾಲರಿಯ ವಿಷಯ ಹೇಳುವ ಧೈರ್ಯ ನನಗಾಗಲಿಲ್ಲ. ಹೋದೆ. ಪಿಂಡದ ಹತ್ತಿರ ಕುಕ್ಕರುಗಾಲಲ್ಲಿ ಕೂತೆ. ಏನು ಮಾಡಲಿ? ಚಹಾ ಲೋಟ ಕಣ್ಣಿಗೆ ಬಿತ್ತು. "ಕಾಕೂ, ಯಾತ ಸಾಖರ ಹಾಯ್ ಕಾ?" ಇದರಲ್ಲಿ ಸಕ್ಕರೆ ಇದೆಯಾ ಅಂತ ಕೇಳಿದೆ. ಕಾಕೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಇಷ್ಟು ವರ್ಷದ ರೂಢಿ, ಅಂದು ಬೆಳಿಗ್ಗೆಯೂ ಸಪ್ಪೆ ಚಹಾವನ್ನೇ ಮಾಡಿ ತಂದಿದ್ದರು.

ಊಟದ ಸಾಮಾನಿನಿಂದ ಸಕ್ಕರೆ ಬಂತು. ಒಂದು ಮುಷ್ಟಿ ಹಾಕಿ ಕದಡಿದೆ. ಹೆದರಿಕೆಯಲ್ಲಿ ನನ್ನ ಮರಾಠಿ ಪೂರ್ತಿ ಮರೆತುಹೋಗಿತ್ತು. ತಲೆ ಎತ್ತಿ ಜಾಲಿ ಗಿಡದ ಕಡೆ ನೋಡಿ, ತಾಯಿಮಾತಿನಲ್ಲೇ ಬೇಡಿಕೊಂಡೆ.

"ಬಾರಪ್ಪಾ, ಬಾ. ಸಕ್ರಿ ಹಾಕೀವಿ. ಇನ್ನ ಕಾಕೂಗ ಸಿಟ್ಟು ಮಾಡಬ್ಯಾಡ. ಎಲ್ಲಾರಿಗೂ ಹಸಿವಿ ಆಗ್ಯಾದ."

ಎದ್ದು ಹಿಂದೆ ಸರಿದೆನೋ ಇಲ್ಲವೋ, ಕಾಗೆಯೊಂದು ರಪ್ಪನೆ ಇಳಿದು ಬಂತು. ಪಿಂಡಕ್ಕೆ ಕೊಕ್ಕು ಹಾಕಿತು. ಭಜಿಗೆ ಹಾಕಿತು. ಆಮೇಲೆ ಲೋಟದ ಅಂಚಿನ ಮೇಲೆ ಕೂತು ಚಹಾಕ್ಕೂ ಕೊಕ್ಕು ಅದ್ದಿತು. ದಂಡೆಯ ಮೇಲೆ ಒಮ್ಮೆಲೇ ಅಳು, ನಗು, ಜಯಕಾರ ಎಲ್ಲ ಎದ್ದವು. ಕಾಕೂ ಅಳುತ್ತಲೇ ನಕ್ಕರು. ಯಾರೋ ಅವರ ಬಾಯಿಗೆ ನೀರು ಹಿಡಿದರು.

ದೊಡ್ಡ ಮಗ ನನ್ನ ಹತ್ತಿರ ಬಂದ. "ಅತ್ತಿಗೆ, ಕಾಗೆಗೆ ನೀವು ಏನಂದಿರಿ?"

"ಏನಿಲ್ಲ ದಾದಾ, ಕನ್ನಡದಲ್ಲಿ ಬಾ ಅಂದೆ, ಅಷ್ಟೇ."

ಅವನು ಹಣೆ ಬಡಿದುಕೊಂಡು ಜನರ ಕಡೆ ತಿರುಗಿದ. "ಕಾವಳಾ ಕಾನಡೀ ಹೋತಾ! ಆಪಣ ಉಗಾಚ ಮರಾಠೀತ ಬೋಲತ ಬಸಲೋ!" ಕಾಗೆ ಕನ್ನಡದ್ದಂತೆ, ನಾವು ಸುಮ್ಮನೆ ಮರಾಠಿಯಲ್ಲಿ ಮಾತಾಡುತ್ತಾ ಕೂತೆವು!

ಅಳಿಯನ ಮುಖದಲ್ಲಿ ಅಂದು ಮೊದಲ ಸಲ ಬೆಳಕು ಕಂಡಿತು. ಅಂದರೆ ತಾನು ಕುಡಿತ ಬಿಡುತ್ತೇನೆ ಅಂದದ್ದು ಅದಕ್ಕೆ ತಿಳಿದೇ ಇಲ್ಲ ಅಂತ ಪಕ್ಕದವನ ಕಿವಿಯಲ್ಲಿ ಹೇಳಿದ.

ಕಾಕೂ ಬಂದು ನನ್ನ ಮುಖ ನೇವರಿಸಿ ನೆಟಿಗೆ ಮುರಿದರು. ಇಷ್ಟು ದೂರ ಹೋಗಿ, ಇಷ್ಟು ವರ್ಷ ಕಲಿತದ್ದು ಸಾರ್ಥಕವಾಯಿತು ಮಗಳೇ ಅಂದರು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ.

ನನ್ನ ಪರವಾಗಿ ಅತ್ತೆಯೇ ಸೆರಗು ಸರಿಮಾಡಿಕೊಂಡು ಉತ್ತರ ಕೊಟ್ಟರು.

"ಇನ್ನಾ ಪೂರಾ ಕಲ್ತಿಲ್ರಿ. ಸದ್ಯಾ ಕಾಗೀದು ಅಷ್ಟೇ ಮುಗದದ. ಗುಬ್ಬಿ, ಗಿಳಿ ಎಲ್ಲಾ ಇನ್ನಾ ಬಾಕಿ ಅವ."